ಬಲಗಡೆಯ ಐದನೆಯ ರೂಪಾಯಿ

ತಪ್ಪು ಮಾಡಿದ್ದು ಸೋಮವಾರ ಮಧ್ಯಾಹ್ನ. ಮಾಡುವಾಗ ಅದು ತಪ್ಪು ಅನ್ನಿಸಲಿಲ್ಲ. ಈಚೆಗೆ ನನ್ನ ಕೈಯಿಂದ ಇಷ್ಟು ಚೊಕ್ಕ ಕೆಲಸ ಆಗಿರಲಿಲ್ಲ ಎಂದೇ ಅನ್ನಿಸಿತ್ತು.

ರಾಯಚೂರಿನ ಸರಾಫ ಬಜಾರದ ಒಂದು ಬೆಳ್ಳಿ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೇನೆ. ರಿಪೇರಿಗೆ ಬಂದ ಕಾಲುಚೈನು, ಉಡದಾರ, ಲಿಂಗದ ಕರಡಿಗೆಗಳನ್ನು ತೆಗೆದುಕೊಂಡು ಚೀಟಿ ಬರೆಯುವುದು, ತೊಳೆಯುವುದು, ಹರಿದ ಸರಗಳನ್ನು ಪೋಣಿಸುವುದು ನನ್ನ ಪಾಲು. ಬೆಂಕಿಯ ಕೆಲಸ ಹಿಂದಿನ ಕೋಣೆಯ ಅಕ್ಕಸಾಲಿ ಮೋನಪ್ಪ ಪತ್ತಾರರದು. ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಆರು ವರ್ಷವಾಯಿತು. ಅಂಗಡಿಯಿಂದ ಓಡಿ ಹೋಗಿ ಕೊನೆಯ ಬೆಂಚಿನಲ್ಲಿ ಕೂತು ಇತಿಹಾಸ ಓದಿದವಳು ನಾನು. ಅರ್ಧ ಪಾಠ ಕೇಳಿಸಿತು, ಅರ್ಧಕ್ಕೆ ತೂಕಡಿಸಿದೆ. ಗಟ್ಟಿಯಾಗಿ ಉಳಿದದ್ದು ಒಂದೇ ಮಾತು: ಮೊದಲು ನಡೆದದ್ದನ್ನು ಮೊದಲು ಇಡಬೇಕು, ಇಸವಿ ತಪ್ಪಬಾರದು.

ಶನಿವಾರ ಗುಲ್ನಾಜ್ ಆ ಸರ ತಂದುಕೊಟ್ಟಳು. ತೀನ್ ಕಂದೀಲ್ ಹತ್ತಿರ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ, ಇಪ್ಪತ್ತೆರಡು ವರ್ಷದ ಹುಡುಗಿ. ಊರು ದೇವದುರ್ಗ.

“ಅಕ್ಕಾ, ಇದು ನಮ್ಮ ದಾದಿದು, ನಮ್ಮಪ್ಪನ ಅವ್ವಂದು. ದಾರ ಹಣ್ಣಾಗ್ಯದ. ತೊಳದು ಪೋಣಿಸಿ ಕೊಡ್ರಿ. ಗುರುವಾರದೊಳಗ ಬೇಕು. ನಮ್ಮಣ್ಣ ಮುಜಾಹಿದ್‌ಗ ಮಾನ್ವಿ ಹೆಣ್ಣು ಗೊತ್ತಾಗ್ಯದ. ಅವತ್ತು ಅವರು ಮನಿಗೆ ಬರ್ತಾರ.”

ಬಿಚ್ಚಿ ನೋಡಿದೆ. ಹದಿಮೂರು ಬೆಳ್ಳಿ ರೂಪಾಯಿ. ಪ್ರತಿಯೊಂದರ ನೆತ್ತಿಗೂ ಒಂದು ಕೊಂಡಿ ಬೆಸೆದು ಸಾಲಾಗಿ ಪೋಣಿಸಿದ್ದರು. ನಾಣ್ಯಗಳು ಒಂದರ ಮೇಲೊಂದು ತುಸು ಏರಿಕೊಂಡು ಕೂತಿದ್ದವು. ಹನ್ನೆರಡರ ಮೇಲೆ ಚಾರ್‌ಮಿನಾರ್. ನಮ್ಮ ಸೀಮೆ ನಿಜಾಮರ ಕೈಯಲ್ಲಿದ್ದಾಗ ಇಲ್ಲಿ ಓಡುತ್ತಿದ್ದ ರೂಪಾಯಿ ಅದು. ಹಳಬರು ಅದಕ್ಕೆ ಹಾಲಿ ಎನ್ನುತ್ತಾರೆ. ಹದಿಮೂರನೆಯದು ಇಂಗ್ಲಿಷರ ರೂಪಾಯಿ, ಕಲ್ದಾರ್. ಅದರ ಮೇಲೆ ಕಿರೀಟ ಹಾಕಿಕೊಂಡ ವಿಕ್ಟೋರಿಯಾ ರಾಣಿ. ಅದು ಮಾತ್ರ ತಿರುವುಮುರುವಾಗಿ, ರಾಣಿಯ ಮುಖ ಒಳಗಡೆ ಆಗಿ ನೇತಾಡುತ್ತಿತ್ತು.

ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಚೀಟಿಗಾಗಿ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಂಡೆ. ಪ್ರತಿ ರಿಪೇರಿಗೂ ಹೊಡೆಯುತ್ತೇನೆ. ಸರ ಮುದುಡಿಕೊಂಡಿತ್ತು. ನೀಟಾಗಿ ಹರವಿ ಹೊಡೆಯಬೇಕೆಂದು ಆಗ ಹೊಳೆಯಲಿಲ್ಲ.

ಸೋಮವಾರ ಮಧ್ಯಾಹ್ನ ಗಿರಾಕಿ ಇರಲಿಲ್ಲ. ಸರ ಪೋಣಿಸುವುದಕ್ಕೆ ಒಂದು ಪದ್ಧತಿ ಇದೆ. ಹಳೆಯ ದಾರದ ತುದಿಗೆ ಹೊಸ ದಾರ ಗಂಟು ಹಾಕಿ, ಒಂದೊಂದನ್ನೇ ಈಚೆ ದಾಟಿಸಿಕೊಳ್ಳಬೇಕು. ಎಂದೂ ಹರಿದು ಸುರಿಯಬಾರದು. ನನಗೆ ಇದು ಗೊತ್ತಿಲ್ಲದೆ ಇರಲಿಲ್ಲ. ಆದರೆ ಕೊಂಡಿಗಳಲ್ಲಿ ಎಷ್ಟೋ ವರ್ಷದ ಕೊಳೆ ಕೂತಿತ್ತು. ಬಿಡಿಬಿಡಿಯಾಗಿ ನೆನೆಸಿದರೆ ಚೆನ್ನಾಗಿ ಹೋಗುತ್ತದೆ ಎಂದು ದಾರ ಕತ್ತರಿಸಿಬಿಟ್ಟೆ. ಅಂಟವಾಳಕಾಯಿ ನೀರು ಕಾಯಿಸಿ ಅದರಲ್ಲಿ ಹಾಕಿದೆ. ರಾಣಿಯ ಕಿರೀಟದ ಸಂದಿನಿಂದ ಕೆಂಪಗೆ ಏನೋ ಬಿಟ್ಟುಕೊಂಡಿತು. ಮಣ್ಣಿರಬೇಕೆಂದು ಬ್ರಶ್ಶಿನಿಂದ ಉಜ್ಜಿದೆ.

ಒರೆಸಿ ಬಟ್ಟೆಯ ಮೇಲೆ ಹರಡಿದಾಗ ಕುತೂಹಲ ತಡೆಯಲಾಗಲಿಲ್ಲ. ಹಾಲಿ ರೂಪಾಯಿಯ ಮೇಲೆ ಮುಸ್ಲಿಂ ಪಂಚಾಂಗದ ಹಿಜರಿ ಇಸವಿ ಇರುತ್ತದೆ. ಉರ್ದು ಅಂಕಿಗಳನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕಲಿತಿದ್ದೇನೆ. ಇನ್ನೊಂದು ಗುಟ್ಟೂ ಇದೆ. ಚಾರ್‌ಮಿನಾರಿನ ನಡುಬಾಗಿಲಲ್ಲಿ ಒಂದೇ ಒಂದು ಉರ್ದು ಅಕ್ಷರ ಕೆತ್ತಿರುತ್ತಾರೆ. ನಿಜಾಮ ಮಹಬೂಬ್ ಅಲಿ ಕಾಲದ್ದಾದರೆ ಮೀಮ್, ಅವನ ಮಗ ಉಸ್ಮಾನ್ ಅಲಿ ಕಾಲದ್ದಾದರೆ ಐನ್. ಭೂತಗನ್ನಡಿ ಹಿಡಿದು ಆ ಬಾಗಿಲುಗಳೊಳಗೆ ಒಂದೊಂದಾಗಿ ಇಣುಕಿದೆ. ೧೩೨೩, ಅಂದರೆ ಇಂಗ್ಲಿಷ್ ಲೆಕ್ಕದಲ್ಲಿ ೧೯೦೫, ಮೀಮ್. ೧೩೩೭, ಐನ್. ಮತ್ತೊಂದು ೧೩೩೭. ಚಲಾವಣೆ ನಿಂತು ನನ್ನ ವಯಸ್ಸಿನ ಎರಡರಷ್ಟು ವರ್ಷವಾದ ದುಡ್ಡು ನನ್ನ ಅಂಗೈಯಲ್ಲಿ ಬೆಚ್ಚಗೆ ಕೂತಿತ್ತು.

ಮೊದಲಿದ್ದ ಸಾಲಿನಲ್ಲಿ ಇಸವಿಗಳು ಅಡ್ಡಾದಿಡ್ಡಿ ಇದ್ದದ್ದು ನೆನಪಿತ್ತು. ಯಾರೋ ಓದು ಬಾರದವರು ಪೋಣಿಸಿದ್ದಾರೆ ಅಂದುಕೊಂಡೆ. ಈ ಮಾತನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ೧೮೮೨ರ ರಾಣಿಯನ್ನು ಮೊದಲಿಗಿಟ್ಟು, ಮುಖ ಹೊರಗೆ ಮಾಡಿ, ಉಳಿದವನ್ನು ಇಸವಿಯ ಪ್ರಕಾರ ಸಾಲಾಗಿ ಪೋಣಿಸಿ ಗಂಟು ಹಾಕಿದೆ. ಹಳೆಯ ದಾರ ಕಸಕ್ಕೆ ಹೋಯಿತು.

ಮಂಗಳವಾರ ಗುಲ್ನಾಜ್ ಬಂದು ಸರ ನೋಡಿ ಮೊದಲು, “ಅಬ್ಬಾ, ಏನ್ ಹೊಳೀತದ್ರೀ!” ಅಂದಳು. ಆಮೇಲೆ ಅವಳ ಬೆರಳು ರಾಣಿಯ ಮೇಲೆ ನಿಂತಿತು.

“ಅಕ್ಕಾ, ಈಕಿ ತುದ್ಯಾಗ ಇದ್ದಿಲ್ಲ.”

“ಇಸವಿ ಪ್ರಕಾರ ಇಟ್ಟೀನಿ ನೋಡು. ಎಲ್ಲಾಕಿಂತ ಹಳೇದು ಇದು,” ಎಂದೆ. ಇನ್ನೂ ಹೆಮ್ಮೆಯಲ್ಲೇ ಇದ್ದೆ.

ಅವಳು ಸ್ಟೂಲಿನ ಮೇಲೆ ಕೂತುಬಿಟ್ಟಳು. “ಹಂಗಂದ್ರ ಎಲ್ಲಾ ಬದಲಾಗ್ಯಾವೇನ್ರೀ?”

ಆಗ ತಿಳಿಯಿತು. ಅವರ ಮನೆಗೆ ಸೊಸೆಯಾಗಿ ಬರುವ ಪ್ರತಿ ಹೆಣ್ಣೂ ತವರಿನಿಂದ ಒಂದು ಬೆಳ್ಳಿ ರೂಪಾಯಿ ತರುತ್ತಾಳೆ. ಅವಳ ತವರಿನಲ್ಲಿ ಯಾವುದಿತ್ತೋ ಅದು. ಇಸವಿ ಯಾರೂ ಕೇಳುವುದಿಲ್ಲ. ಅದಕ್ಕೆ ಕೊಂಡಿ ಹಾಕಿಸಿ ಸರಕ್ಕೆ ಸೇರಿಸುತ್ತಾರೆ. ಪ್ರತಿ ಗುರುವಾರ ದಾದಿ, ಸುಗ್ರಾ ಬೇಗಂ, ತೀರಿಹೋದ ಆ ಹೆಂಗಸರ ಹೆಸರಲ್ಲಿ ಫಾತಿಹಾ ಪ್ರಾರ್ಥನೆ ಓದುತ್ತಾರೆ. ಒಂದೊಂದು ರೂಪಾಯಿ ಹಿಡಿದು ಒಂದೊಂದು ಹೆಸರು. ಈ ಗುರುವಾರ ಆ ಹೆಸರುಗಳನ್ನು ಮದುವೆಯ ಹುಡುಗಿ ಮಿನಾಜ್‌ಗೆ ಹೇಳಿಕೊಡಬೇಕು.

“ಹಂಗಾರ ಅವರೇ ನೋಡಿ ಸರಿ ಮಾಡ್ತಾರಲ್ಲ?” ಎಂದೆ.

“ಕಣ್ಣು ಹೋಗಿ ನಾಕು ವರ್ಷ ಆತು. ಸಕ್ಕರಿ ಕಾಯಿಲಿಗೆ ಬೆರಳು ಜೋಮು. ಹೆಸರು ಎಲ್ಲಾ ಬಾಯಾಗ ಅದಾವ. ಆದ್ರ ಯಾರ ರೂಪಾಯಿ ಯಾವುದು ಅನ್ನೋದು ಜಾಗದಾಗ ಅದ. ಜಾಗ ತಪ್ಪಿದ್ರ...”

“ಯಾವ ಜಾಗ ಯಾರದು, ನಿನಗ ಗೊತ್ತೇನು?”

“ಇಲ್ರೀ. ನಮ್ಮ ಅಮ್ಮಿ ಕುಬ್ರಾ ಬೇಗಂದು ಒಂದು ಕೊನಿಗಿತ್ತು. ರಾಣಿ ಎಲ್ಲೋ ನಡುವೆ ಇದ್ಲು, ಮಾರಿ ಒಳಗ. ಅಷ್ಟೇ. ನಾವ್ ಯಾರು ಕಲಿತೀವ್ರೀ ಅಕ್ಕಾ, ದಾದಿ ಇದ್ದೇ ಇರ್ತಾಳ ಅಂದ್ಕಂಡೀವಿ.”

ಅವಳು ಬೈದಿದ್ದರೆ ಚೆನ್ನಾಗಿತ್ತು. “ದಾದಿಗೆ ಹೇಳಬ್ಯಾಡ್ರಿ, ಬಿ.ಪಿ. ಅದ,” ಎಂದಷ್ಟೇ ಹೇಳಿ, ಸರ ನನ್ನ ಹತ್ತಿರವೇ ಬಿಟ್ಟು ಎದ್ದುಹೋದಳು.

ಹಿಂದಿನ ಕೋಣೆಯಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಮೋನಪ್ಪ ಊದುಗೊಳವೆ ಕೆಳಗಿಟ್ಟು ಅಂದರು: “ಶೈಲಶ್ರೀ, ಯಾಕ ಇಷ್ಟು ಮಾರಿ ಸಣ್ಣ ಮಾಡಿ? ಮುದುಕಿಗೆ ಕಾಣಂಗಿಲ್ಲ, ಹುಡುಗಿಗೆ ನೆನಪಿಲ್ಲ. ಹ್ಯಾಂಗ ಪೋಣಿಸಿ ಕೊಟ್ರೂ ಯಾರಿಗೆ ತಿಳಿತದ?”

“ನನಗ ತಿಳಿತದಲ್ರೀ.”

“ನೀ ಏನ್ ಅವರ ಸೊಸೀ ಏನು?” ಎಂದು ನಕ್ಕರು.

ಅವರ ಮಾತಿನಲ್ಲಿದ್ದ ಸತ್ಯವೇ ನನ್ನನ್ನು ಹೆದರಿಸಿತು. ಹೌದು, ಯಾರಿಗೂ ತಿಳಿಯುವುದಿಲ್ಲ. ಒಬ್ಬಳ ಹೆಸರು ಇನ್ನೊಬ್ಬಳ ರೂಪಾಯಿಗೆ ಅಂಟಿಕೊಂಡು, ಮಿನಾಜ್ ಹಾಗೇ ಕಲಿತು, ಅವಳ ಸೊಸೆಗೂ ಹಾಗೇ ಕಲಿಸುತ್ತಾಳೆ. ಮೂವತ್ತು ವರ್ಷದ ಮೇಲೆ ಅದೇ ನಿಜವಾಗಿರುತ್ತದೆ. ಕಾಲೇಜಿನಲ್ಲಿ ಇಂಥದ್ದನ್ನು ಮಾಡಿದ ರಾಜರನ್ನೂ ಲಿಪಿಕಾರರನ್ನೂ ನಾವು ಬೈದುಕೊಂಡಿದ್ದೆವು.

ನನ್ನ ಮುಖ ನೋಡಿ ಮೋನಪ್ಪ ಸರ ಕೈಗೆ ತೆಗೆದುಕೊಂಡರು. “ಇಸವಿ ಬಿಡು. ಕೊಂಡಿ ನೋಡು. ಒಬ್ಬೊಬ್ಬ ಪತ್ತಾರನ ಕೈ ಒಂದೊಂದು ಥರ ಇರ್ತದ.”

ಭೂತಗನ್ನಡಿಯಲ್ಲಿ ನೋಡಿದೆ. ಅದೇ ನಾಣ್ಯಗಳನ್ನು ಒಂದಿಡೀ ಮಧ್ಯಾಹ್ನ ನೋಡಿದ್ದರೂ ಅವುಗಳ ನೆತ್ತಿ ನೋಡಿರಲಿಲ್ಲ. ನಾಲ್ಕರ ಕೊಂಡಿ ದಪ್ಪ ತಂತಿಯದು, ಸುತ್ತಿಗೆಯಿಂದ ಬಡಿದದ್ದು. ಆರರ ಕೊಂಡಿ ಚಪ್ಪಟೆ, ಮೇಲೆ ಮೂರು ಗೀರು. ಉಳಿದ ಮೂರು ಯಂತ್ರದಲ್ಲಿ ಎಳೆದ ಸಣ್ಣ ತಂತಿಯವು, ಈಚಿನವು.

“ಈ ಮೂರು ಗೀರಿನವು ಮಾನ್ವಿ ಕೆಲಸ,” ಎಂದರು ಮೋನಪ್ಪ. “ಅಲ್ಲಿ ಗಡಿಗೆಪ್ಪ ಪತ್ತಾರ ಇದ್ದಾನ. ವಯಸ್ಸಾಗ್ಯದ, ಕೆಲಸ ಬಿಟ್ಟಾನ. ಇದು ಅವರಪ್ಪನ ಕೈ. ಹೋಗಿ ಕೇಳು.”

ಬುಧವಾರ ರಜೆ ಹಾಕಿ ಮಾನ್ವಿ ಬಸ್ಸು ಹತ್ತಿದೆ. ಚೀಲವನ್ನು ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಕುರ್ಡಿ ಕ್ರಾಸಿನಲ್ಲಿ ಹತ್ತಿದ ಹೆಂಗಸೊಬ್ಬಳು, “ಏನವ್ವಾ, ಕೋಳಿಮರಿ ಐತೇನು ಅದ್ರಾಗ?” ಎಂದು ಕೇಳಿದಳು. ಫೋಟೋ ಎಷ್ಟು ಸಲ ಹಿಗ್ಗಿಸಿ ನೋಡಿದರೂ ಅದರಲ್ಲಿ ಕಾಣುತ್ತಿದ್ದದ್ದು ಎಡತುದಿಯ, ಕೊಕ್ಕೆ ಇರುವ ಕಡೆಯ ನಾಲ್ಕು ನಾಣ್ಯ ಮಾತ್ರ. ಉಳಿದ ಒಂಬತ್ತು ಮಡಿಕೆಯೊಳಗೆ.

ಗಡಿಗೆಪ್ಪ ಮನೆಯ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಎಂಬತ್ತರ ಹತ್ತಿರದ ಜೀವ. ಗೀರಿನ ಕೊಂಡಿ ನೋಡಿದ ಕೂಡಲೇ ಎಲೆ ಪಕ್ಕಕ್ಕಿಟ್ಟರು.

“ನಮ್ಮಪ್ಪಂದೇ. ಮೂರನೇ ಗೀರು ಯಾವಾಗ್ಲೂ ಸೊಟ್ಟ. ಎಡಗಣ್ಣು ಮಂಜಿತ್ತು ಅವಗ.” ಆಮೇಲೆ ನನ್ನ ಕಡೆ ತಿರುಗಿ, “ಇದನ್ನ ಯಾರು ಹಿಂಗ ಪೋಣಿಸಿದ್ದು?”

“ನಾನ್ರೀ.”

“ಹರಿದು ಸುರುವಿದಿ?”

“ಹೂಂರಿ.”

“ಯಾರು ಕಲಿಸ್ಯಾರ ನಿನಗ?”

“ತಿಳದಿತ್ರೀ ಯಪ್ಪಾ. ತಿಳದೂ ಮಾಡೀನಿ.”

ಅವರು ಬೆರಳಿನ ಸುಣ್ಣ ಪಂಚೆಗೆ ಒರೆಸಿಕೊಂಡರು. ಆಮೇಲೆ ಒಳಗೆ ಕೂಗಿ ಒಂದು ಪರಾತದ ತುಂಬ ಜೋಳದ ಹಿಟ್ಟು ತರಿಸಿದರು. “ಹಿಟ್ಟಿನ್ಯಾಗ ಊರಿದ್ರ ಈ ರೂಪಾಯಿ ಬಿಲ್ಲಿ ಇಟ್ಟಂಗ ಕೂಡ್ತಾವ. ಬಾ, ಕೂಡು.”

ಆ ಮಧ್ಯಾಹ್ನ ಕಲಿತಷ್ಟು ನಾನು ಮೂರು ವರ್ಷದ ಸಂಜೆಗಳಲ್ಲಿ ಕಲಿತಿರಲಿಲ್ಲವೇನೋ. ಸರ ಎಡದಿಂದ ಬಲಕ್ಕೆ ಬೆಳೆಯುವುದಿಲ್ಲ ಎಂದು ಅವರು ತೋರಿಸಿದರು. ಎಲ್ಲರಿಗಿಂತ ಮೊದಲು ಬಂದವಳು ನಡುವೆ. ಎರಡನೆಯವಳು ಅವಳ ಬಲಕ್ಕೆ, ಮೂರನೆಯವಳು ಎಡಕ್ಕೆ, ನಾಲ್ಕನೆಯವಳು ಮತ್ತೆ ಬಲಕ್ಕೆ. ಹೀಗೆ ಎರಡೂ ಕಡೆ ಹೊರಹೊರಗೆ. ಇಲ್ಲದಿದ್ದರೆ ತೂಕ ಒಂದು ಕಡೆ ವಾಲಿ ಸರ ಕೊರಳಲ್ಲಿ ನಿಲ್ಲುವುದಿಲ್ಲ.

“ಇನ್ನ ಅಂಚು ನೋಡು. ಒಂದರ ಮ್ಯಾಲೊಂದು ಏರಿ ಕುಂತಿರ್ತಾವಲ್ಲ, ನಡಿವಾಗ ತಿಕ್ಕಾಡ್ತಾವ. ಅತ್ತಿ ಸೊಸಿ ಇದ್ದಂಗ. ತಿಕ್ಕಾಡಿದ ಗುರ್ತು ಬಿಡ್ತಾವ.”

ಪ್ರತಿ ನಾಣ್ಯದ ಎಡ ಬಲ ಅಂಚಿನಲ್ಲಿ ಉಗುರಿನ ಆಕಾರದ ಸವೆತ ಇತ್ತು. ಒಂದರ ಸವೆತಕ್ಕೆ ಇನ್ನೊಂದರ ಅಂಚು ತಂದಿಟ್ಟರೆ, ಸರಿಯಾದದ್ದಾದರೆ ಒಡೆದ ಬಟ್ಟಲಿನ ಚೂರು ಕೂಡಿದಂತೆ ಕೂಡುತ್ತಿತ್ತು. ಒಂದು ಕೂಡಿದಾಗ ಇಬ್ಬರೂ ಒಟ್ಟಿಗೆ “ಹಾಂ!” ಅನ್ನುತ್ತಿದ್ದೆವು. ಚಾರ್‌ಮಿನಾರಿನ ಬಾಗಿಲು, ಮೀಮ್, ಐನ್ ಎಲ್ಲ ಮರೆತೇಹೋಯಿತು. ಮೊದಲು ನಡುವಿನದು ಸಿಕ್ಕಿತು. ಎಲ್ಲಕ್ಕಿಂತ ಹೆಚ್ಚು ಸವೆದಿತ್ತು, ಎರಡೂ ಬದಿ ಒಂದೇ ಸಮ. ಫೋಟೋದ ನಾಲ್ಕಕ್ಕೆ ಇನ್ನೆರಡು ಕೂಡಿ ಎಡಗಡೆಯ ಆರೂ ತುಂಬಿದವು. ಬಲಗಡೆಯೂ ಒಂದೊಂದಾಗಿ ಬಂತು.

ರಾಣಿ ಮಾತ್ರ ತೊಂದರೆ ಕೊಟ್ಟಳು. ಅವಳ ಮುಖ ನುಣ್ಣಗೆ ಸವೆದಿತ್ತು, ಹಿಂಬದಿಯ ಬರಹ ಚೂಪಾಗಿಯೇ ಇತ್ತು. “ಮಾರಿ ಎದಿ ಕಡಿ ಇತ್ತು ಅಂದಂಗಾತು,” ಎಂದರು ಗಡಿಗೆಪ್ಪ. “ಗೊಂಬಿ ಇರೋ ಬಿಲ್ಲಿ ಸಾಬರ ಮನ್ಯಾಗ ಹಂಗೇ ತಿರಿವಿ ಹಾಕ್ತಾರ. ನಮಾಜ್ ಮಾಡ್ತಾರಲ್ಲ.” ಆದರೆ ಅವಳ ಅಂಚು ಯಾವುದರ ಜೊತೆಗೂ ಸರಿಯಾಗಿ ಕೂಡಲಿಲ್ಲ. ಕೊಂಡಿ ಎಲ್ಲಕ್ಕಿಂತ ಹಳೆಯ, ಬಡಿದ ತಂತಿಯದು. ಹಳೆಯ ಕೊಂಡಿಯಿದ್ದರೆ ಹಳೆಯ ಸೊಸೆಯೇ ಇರಬೇಕು. ನಡುವಿನದರ ಬಲಪಕ್ಕಕ್ಕೆ ಇಟ್ಟೆವು. ತಕ್ಕಮಟ್ಟಿಗೆ ಕೂತಿತು.

ಪರಾತವನ್ನು ದೂರದಿಂದ ನೋಡಿದೆ. ಒಂದೇ ಇಸವಿಯ, ಅವಳಿಯಂತಿದ್ದ ಎರಡು ೧೩೩೭ರ ರೂಪಾಯಿಗಳು ಇದ್ದವು. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೂ ಕೂಡುತ್ತಿದ್ದವು. ಅವು ಎಡಗಡೆ ಮೂರನೆಯದಾಗಿ, ಬಲಗಡೆ ನಾಲ್ಕನೆಯದಾಗಿ ಕೂತಿದ್ದವು. ಜೋಡಿಯಾಗಿ ಬಂದವು ಜೋಡಿಯಾಗಿ ಕೂರಬೇಕಲ್ಲವೇ, ಯಾಕೆ ಹೀಗೆ ವಾರೆಯಾದವು ಎಂದು ಅನ್ನಿಸಿತು. ಬಲತುದಿಯ ಕೊನೆಯೆರಡೂ ಬಿಗಿಯಾಗಿ ಕೂಡಿರಲಿಲ್ಲ.

“ಇದು ಸರಿ ಅದೇನ್ರೀ?”

“ಹನ್ನೆರಡಾಣೆ ಸರಿ ಅದ. ಉಳಿದ ನಾಕಾಣೆ ನನಗೂ ತಿಳೀವಲ್ದು.”

ರಾಣಿಯ ಮುಖ ಒಳಗೆ ಮಾಡಿ, ಆ ಸಾಲಿನಲ್ಲೇ ಸರ ಪೋಣಿಸಿಕೊಂಡು ಬಂದೆ. ಹನ್ನೆರಡಾಣೆ ಅಂದರೆ ಮುಕ್ಕಾಲು ಪಾಲು. ಅಷ್ಟಕ್ಕೆ ತೃಪ್ತಿಪಟ್ಟು ಮಲಗುವ ಸ್ವಭಾವ ನನ್ನದಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಗುರುವಾರ ಬೆಳಿಗ್ಗೆ ಗುಲ್ನಾಜ್ ಜೊತೆ ದೇವದುರ್ಗದ ಬಸ್ಸಿನಲ್ಲಿ ಕೂತೆ. ಕಲ್ಮಲ ದಾಟಿದ ಮೇಲೆ ಅವಳು ನನ್ನ ಕಡೆ ತಿರುಗಿದಳು.

“ಅಕ್ಕಾ, ಸರಿ ಬಂದಿದ್ರ ಸುಮ್ಮನಿದ್ದುಬಿಡೂಣು ಆಂ?” ಎಂದಳು.

“ಸರಿ ಬಂದದ ಅಂತ ಗೊತ್ತಾಗೋದು ಹ್ಯಾಂಗ?”

“ದಾದಿ ಸುಮ್ಮನಿದ್ರ ಸರಿ ಅಂತ.”

“ಸುಮ್ಮನಿದ್ರ ತಪ್ಪು ತಿಳೀಲಿಲ್ಲ ಅಂತನೂ ಇರಬಹುದಲ್ಲ?”

“ನೀವು ಭಾಳ ಓದೀರಿ,” ಎಂದು ಕಿಟಕಿಯ ಕಡೆ ತಿರುಗಿದಳು.

ಮನೆಯಲ್ಲಿ ಅಡುಗೆಯ ಗಡಿಬಿಡಿ. ಮಾನ್ವಿಯವರು ಮಧ್ಯಾಹ್ನಕ್ಕೆ ಬರುವವರಿದ್ದರು. ಒಳಕೋಣೆಯ ಮಂಚದ ಮೇಲೆ ಸುಗ್ರಾ ಬೇಗಂ ಬಿಳಿ ದುಪ್ಪಟ ಹೊದ್ದು ಕೂತಿದ್ದರು. ತೆಳ್ಳಗೆ, ನೆಟ್ಟಗೆ.

“ದಾದಿ, ಸರ ರಿಪೇರಿ ಮಾಡಿದ ಅಕ್ಕ ಬಂದಾರ.”

“ಬಾ ಬೇಟಿ. ಅಂಗಡಿ ಬಿಟ್ಟು ಇಷ್ಟು ದೂರ ಬಂದಿ? ರಾಯಚೂರಾಗ ಸರಕ್ಕ ಕಾಲು ಬಂದಾವೇನು?”

ಸರ ಕೊಟ್ಟೆ. ಅವರು ಎರಡೂ ಕೈಗಳಲ್ಲಿ ತೂಗಿ ನೋಡಿದರು. ಮೂಗಿನ ಹತ್ತಿರ ಹಿಡಿದರು. “ಅಂಟವಾಳ,” ಎಂದರು. ಆಮೇಲೆ ನಡುವಿನ ರೂಪಾಯಿ ಹುಡುಕಿ ಹಿಡಿದು, ಎದೆಗೆ ತಾಗುವ ಬದಿಯನ್ನು ತುಟಿಗೆ ಒತ್ತಿಕೊಂಡರು.

ಇದನ್ನು ಗುಲ್ನಾಜ್ ನನಗೆ ಹೇಳಿರಲಿಲ್ಲ. ಬೆರಳಿಗೆ ಜೋಮು ಹಿಡಿದಿರಬಹುದು, ತುಟಿಗೆ ಹಿಡಿದಿರಲಿಲ್ಲ.

“ಜನ್ನತ್‌ಬಿ,” ಎಂದರು. ಕೈ ಬಲಕ್ಕೆ ಸರಿಯಿತು. ಅಲ್ಲಿದ್ದ ರಾಣಿಯನ್ನು ತುಟಿಗೆ ತಂದರು. ತಡೆದರು. ಇನ್ನೊಮ್ಮೆ ಒತ್ತಿ ನೋಡಿದರು.

“ಅರೆ! ಇಲ್ಲಿ ಖಾಜಾಬಿ ಇರಬೇಕಲ್ಲ. ನಾನ್ಯಾಕ ಇಲ್ಲಿ ಬಂದು ಕುಂತೀನಿ?”

ಗುಲ್ನಾಜ್ ನನ್ನ ಕೈ ಚಿವುಟಿದಳು. ಸುಮ್ಮನಿರಲು ಇನ್ನು ದಾರಿಯೇ ಇರಲಿಲ್ಲ. ಇದ್ದಿದ್ದರೆ ಏನು ಮಾಡುತ್ತಿದ್ದೆನೋ, ಧೈರ್ಯವಾಗಿ ಹೇಳಲಾರೆ. ಎಲ್ಲ ಹೇಳಿದೆ. ದಾರ ಕತ್ತರಿಸಿದ್ದು, ಇಸವಿಯ ಪ್ರಕಾರ ಪೋಣಿಸಿದ್ದು, ಮಾನ್ವಿ, ಹಿಟ್ಟಿನ ಪರಾತ, ನಾಲ್ಕಾಣೆ. ರಾಣಿಯ ಕೊಂಡಿ ಹಳೆಯದೆಂದು ನಡುವಿನ ಹತ್ತಿರ ತಂದದ್ದು.

ಸುಗ್ರಾ ಬೇಗಂ ಸಿಟ್ಟಾಗಲಿಲ್ಲ. ಸಿಟ್ಟಾಗುವ ಮೊದಲು ತಿಳಿಯಬೇಕಾದದ್ದು ಇನ್ನೂ ಇದೆ ಎಂಬಂತೆ ಕೇಳಿದರು: “ಹಿಟ್ಟಿನ್ಯಾಗ ಊರಿದ್ರಿ? ಅಂಚು ಕೂಡಿಸಿ ನೋಡಿದ್ರಿ? ಎಷ್ಟು ಹೊತ್ತು?”

“ಮಧ್ಯಾಹ್ನ ಪೂರ್ತಿ.”

“ಕೊಂಡಿ ಹಳೇದು ಖರೇ. ಯಾಕಂದ್ರ ಅದು ಬ್ಯಾರೆ ಕೊರಳಾಗಿಂದು.”

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಸುಗ್ರಾ ಬೇಗಂ ಚಿಕ್ಕಂದಿನಲ್ಲೇ ತಾಯಿ ತಂದೆ ಕಳೆದುಕೊಂಡವರು. ಮದುವೆಯ ಹೊತ್ತಿಗೆ ಹಾಲಿ ರೂಪಾಯಿ ಚಲಾವಣೆ ನಿಂತು, ಚಿಕ್ಕಪ್ಪ ಮನೆಯಲ್ಲಿದ್ದ ಬೆಳ್ಳಿಯನ್ನೆಲ್ಲ ಕರಗಿಸಿಬಿಟ್ಟಿದ್ದ. ಸೊಸೆ ಬರಿಗೈಯಲ್ಲಿ ಬರುತ್ತಾಳೆ ಎಂದು ಈ ಮನೆಯಲ್ಲಿ ಆಗಲೇ ಮಾತು ಹುಟ್ಟಿತ್ತು. ಅವರ ಚಿಕ್ಕಪ್ಪನ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಆ ಮನೆಯ ಬೂದೆಮ್ಮ ಒಕ್ಕಲುತನದ ಹೆಂಗಸು. ನಿಕಾಹದ ಹಿಂದಿನ ದಿನ ಗೋಡೆಯ ಮೇಲಿಂದ ಕೈ ಚಾಚಿ, ತನ್ನ ಕೊರಳ ಸರದಿಂದ ಬಿಚ್ಚಿದ ಒಂದು ರೂಪಾಯಿ ಕೊಟ್ಟಳು. ದೀಪಾವಳಿಗೆ ಲಕ್ಷ್ಮಿಯ ಮುಂದೆ ಇಟ್ಟು ಕುಂಕುಮ ಹಚ್ಚುತ್ತಿದ್ದ ರೂಪಾಯಿ.

“‘ತೊಳದು ಹಾಕ್ಕೊ ಬೇ, ನಿಮ್ಮ ಅತ್ತಿ ಬೈದಾಳು’ ಅಂದ್ಲು. ನಾ ತೊಳಿಲಿಲ್ಲ. ತಿರಿವಿ ಹಾಕ್ಕಂಡೆ. ಅತ್ತಿ ಅಂದ್ಕಂಡ್ಲು, ಸೊಸಿ ಭಾಳ ನಮಾಜಿ, ಗೊಂಬಿ ಒಳಗ ಮಾಡ್ಯಾಳ ಅಂತ.” ಅವರು ನಕ್ಕರು. “ಕುಂಕುಮ ಮುಚ್ಚಾಕ ತಿರಿವಿದ್ದು ನಾನು.”

ಸೋಮವಾರ ಅಂಟವಾಳದ ನೀರಿನಲ್ಲಿ ಬಿಟ್ಟುಕೊಂಡ ಕೆಂಪು ನೆನಪಾಯಿತು. ಅದನ್ನೂ ಹೇಳಿದೆ.

ಅವರು ರಾಣಿಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದರು. ಹೊರಗೆ ಕುಕ್ಕರ್ ಎರಡು ಸಲ ಕೂಗಿತು.

“ಅರವತ್ತು ವರ್ಷ ಕಾದಿಟ್ಟಿದ್ದೆ,” ಎಂದರು ಕೊನೆಗೆ. “ನೀನು ಅದನ್ನೂ ತೊಳದಿ.”

ಇಡೀ ವಾರದಲ್ಲಿ ನನಗೆ ಸಿಕ್ಕ ಬೈಗುಳ ಅದೊಂದೇ. ಅದು ಸಲ್ಲಬೇಕಾದದ್ದೇ.

“ದಾದಿ,” ಎಂದಳು ಗುಲ್ನಾಜ್, “ಗುರುವಾರ ಗುರುವಾರ ನಿನ್ನ ರೂಪಾಯಿ ಹಿಡದು ಯಾರ ಹೆಸರು ಹೇಳ್ತಿದ್ದಿ ಹಂಗಾದ್ರ? ನೀನು ಇದ್ದೀಯಲ್ಲ?”

“ಬೂದೆಮ್ಮಂದು. ಬಾಯೊಳಗ. ನೀವ್ ಎಲ್ಲಿ ಕೇಳ್ತಿದ್ರಿ, ಮೊಬೈಲ್ ನೋಡ್ತಿದ್ರಿ.” ಆಮೇಲೆ ಸರವನ್ನು ನನ್ನ ಕಡೆ ಚಾಚಿದರು. “ನಾನು ಹತ್ತನೇ ಸೊಸಿ. ಬಲಗಡೆ ಐದನೇದು. ಇಡು ಅಲ್ಲಿ. ಹರೀಬ್ಯಾಡ ಮತ್ತ!”

ಚೀಲದಲ್ಲಿ ಹೊಸ ದಾರ ಇತ್ತು. ಹಳೆಯ ದಾರದ ತುದಿಗೆ ಹೊಸದನ್ನು ಗಂಟು ಹಾಕಿ, ಮಂಚದ ಕೆಳಗೆ ಚಾಪೆಯ ಮೇಲೆ ಕೂತು ಒಂದೊಂದೇ ದಾಟಿಸಿದೆ. ರಾಣಿಯನ್ನು ಎತ್ತಿ ಪಕ್ಕಕ್ಕಿಟ್ಟಾಗ ಬಲಗಡೆಯ ರೂಪಾಯಿಗಳೆಲ್ಲ ಒಂದೊಂದು ಹೆಜ್ಜೆ ನಡುವಿನ ಕಡೆಗೆ ಸರಿದವು. ಐದನೆಯ ಜಾಗಕ್ಕೆ ಅವಳನ್ನು ತಂದೆ. ಸಡಿಲವಾಗಿದ್ದ ಕೊನೆಯೆರಡರ ನಡುವೆ ಅವಳು ಬಿಗಿಯಾಗಿ ಕೂತಳು. ಆ ಎರಡರ ಅಂಚಿನ ಸವೆತ ಯಾರದೆಂದು ಈಗ ತಿಳಿಯಿತು. ವಾರೆಯಾಗಿದ್ದ ಆ ಅವಳಿ ರೂಪಾಯಿಗಳು ಎಡಕ್ಕೊಂದು ಮೂರನೆಯದು, ಬಲಕ್ಕೊಂದು ಮೂರನೆಯದು ಆಗಿ ಎದುರುಬದುರು ನಿಂತವು.

“ಇವೆರಡು ಅದಲು ಬದಲಾಗಿರಬಹುದು,” ಎಂದೆ. “ಎಷ್ಟು ನೋಡಿದ್ರೂ ಗೊತ್ತಾಗಲಿಲ್ರೀ.”

ಸುಗ್ರಾ ಬೇಗಂ ಈಗ ಜೋರಾಗಿ ನಕ್ಕರು. “ಲಾಲಬಿ, ಚಾಂದಬಿ! ಅಕ್ಕ ತಂಗಿ, ಅಣ್ಣ ತಮ್ಮಂದಿರಿಗೆ ಒಂದೇ ದಿನ ಕೊಟ್ಟಿದ್ರು. ಯಾರು ದೊಡ್ಡ ಸೊಸಿ ಅಂತ ಸಾಯೋತನಕ ಜಗಳ. ಅವರ ರೂಪಾಯಿ ನನಗೂ ಗೊತ್ತಿಲ್ಲ ಬೇಟಿ, ನಮ್ಮ ಅತ್ತಿಗೂ ಗೊತ್ತಿದ್ದಿಲ್ಲ. ಒಂದು ವಾರ ಆಕಿ ಹೆಸರು ಮೊದಲು, ಮುಂದಿನ ವಾರ ಈಕಿದು.”

ಗಂಟು ಹಾಕಿ ಕೊಟ್ಟೆ. ಅವರು ನಡುವಿನಿಂದ ಶುರುಮಾಡಿದರು. ಜನ್ನತ್‌ಬಿ. ಖಾಜಾಬಿ. ಮಾಸುಂಬಿ. ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಕೈ ನೇಯುತ್ತಾ ಹೊರಗೆ ಹೋಯಿತು. ಎಲ್ಲೂ ನಿಲ್ಲಲಿಲ್ಲ. ನಿಲ್ಲದ್ದರಿಂದಲೇ ನನಗೆ ಮತ್ತೆ ಸಂಶಯ ಬಂತು. ರಾಣಿಯೊಬ್ಬಳನ್ನು ಬಿಟ್ಟರೆ ಉಳಿದ ಚಾರ್‌ಮಿನಾರ್‌ಗಳೆಲ್ಲ ತುಟಿಗೂ ಒಂದೇ ಥರವಲ್ಲವೇ? ಆದರೆ ಅಂಚುಗಳು ಕೂಡಿದ್ದವು, ಅವಳಿಗಳು ಜೊತೆಯಾಗಿದ್ದವು. ನನ್ನ ಕೈಲಿ ತೋರಿಸಬಹುದಾದ ಸಾಕ್ಷಿ ಅಷ್ಟೇ ಇತ್ತು. ಅದನ್ನೂ ಅವರಿಗೆ ಹೇಳಿದೆ.

“ಅಷ್ಟು ಸಾಕು,” ಎಂದರು. “ಈಗ ನೀನೂ ಒಂದು ಸಲ ಹೇಳು. ಗುಲ್ನಾಜ್, ಮೊಬೈಲ್ ಇಡು, ನೀನೂ ಹೇಳು.”

ಇಬ್ಬರೂ ಹೇಳಿದೆವು. ಲಾಲಬಿಯ ಹತ್ತಿರ ನಾನು ತಡವರಿಸಿದೆ, ಎಂಟನೆಯದರಲ್ಲಿ ಗುಲ್ನಾಜ್ ತಪ್ಪಿದಳು. ಬಲಗಡೆಯ ಐದನೆಯದಕ್ಕೆ ಬಂದಾಗ ಅದನ್ನು ತಿರುವಿ ಕಿಟಕಿಯ ಬೆಳಕಿಗೆ ಹಿಡಿದೆ. ಕಿರೀಟದ ಎರಡು ಮಡಿಕೆಯ ನಡುವೆ, ಬ್ರಶ್ಶಿನ ಕೂದಲು ಹೋಗಲಾರದ ಸಂದಿನಲ್ಲಿ ಸೂಜಿಮೊನೆಯಷ್ಟು ಕೆಂಪು ಇನ್ನೂ ಇತ್ತು.

“ಉಳದದ್ರೀ,” ಎಂದೆ. “ಸ್ವಲ್ಪ.”

“ಎಲ್ಲಿ?” ಎಂದು ಅವರು ಕಾಣದ ಕಣ್ಣಿನ ಹತ್ತಿರ ಹಿಡಿದುಕೊಂಡರು.

ಮಧ್ಯಾಹ್ನ ಮಾನ್ವಿಯವರು ಬಂದರು. ಮಿನಾಜ್ ನಾಚುತ್ತಾ, ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದ ರೂಪಾಯಿಯನ್ನು ಬಿಚ್ಚಿ ನನ್ನ ಕೈಯಲ್ಲಿಟ್ಟಳು. ಕೊಂಡಿ ಬೆಸೆಯಲು ಅದು ರಾಯಚೂರಿಗೆ ಬರಬೇಕಿತ್ತು. ಚಾರ್‌ಮಿನಾರ್ ಇತ್ತು. ಹೆಬ್ಬೆರಳು ತಾನಾಗಿಯೇ ಇಸವಿಯ ಕಡೆಗೆ ಹೋಯಿತು. ಅದನ್ನು ಆಮೇಲೆ ನೋಡಿದರಾಯಿತು ಎಂದುಕೊಂಡೆ.

“ಇದನ್ನ ಯಾರು ಕೊಟ್ರವ್ವಾ?” ಎಂದು ಕೇಳಿದೆ.

ಅವಳು ಹೇಳಿದಳು. ಚೀಟಿ ಪುಸ್ತಕ ತೆಗೆದು, ತೂಕ ಬರೆಯುವ ಜಾಗ ಖಾಲಿ ಬಿಟ್ಟು, ಮೊದಲು ಆ ಹೆಸರು ಬರೆದುಕೊಂಡೆ. ಕೆಳಗೆ ಬರೆದೆ: ಬಲಗಡೆ, ಏಳನೆಯದು.